ತಲೆ ಎತ್ತದ ಮೂವತ್ತಾರು ನಿಮಿಷ

"ಇದು ಯಾರು?" ಎಂದು ಅಮೂಲ್ಯಾ ವಿಡಿಯೊ ನಿಲ್ಲಿಸಿದಳು. ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ, ಮೆಡಿಕಲ್ ಶಾಪಿನ ಮಹಡಿಯ ಮೇಲಿದ್ದ ಅವಳ ಫಿಸಿಯೋಥೆರಪಿ ಕೋಣೆಯಲ್ಲಿ, ಬಿಗಿ ಸೈಕಲ್ ಚಡ್ಡಿ ತೊಟ್ಟು ಸ್ಟೂಲಿನ ಮೇಲೆ ಕೂತಿದ್ದ ಶಶಿಕಿರಣ ಲ್ಯಾಪ್‌ಟಾಪಿನೊಳಗಿದ್ದ ತನ್ನನ್ನೇ ನೋಡಿದ. ಒಳಗಿದ್ದವನು ಮೊಣಕೈಗಳನ್ನು ಹ್ಯಾಂಡಲ್ಲಿನ ಮೆತ್ತೆಗಳ ಮೇಲೆ ಊರಿ, ಬೆನ್ನು ಚಪ್ಪಟೆ ಮಾಡಿ, ಮೂಗನ್ನು ಹೆಚ್ಚುಕಮ್ಮಿ ಮುಂದಿನ ಚಕ್ರಕ್ಕೆ ಒಪ್ಪಿಸಿ ಸೈಕಲ್ ತುಳಿದು ಬರುತ್ತಿದ್ದ, ಇದ್ದಕ್ಕಿದ್ದಂತೆ ಕತ್ತೆತ್ತಿ ರಸ್ತೆಯಂಚಿನ ಯಾರಿಗೋ ಹಲ್ಲು ಬಿಟ್ಟಿದ್ದ. "ಅದು ಹೊನ್ನಕ್ಕ. ಡೈರಿಗೆ ಹಾಲು ತಗೊಂಡು ಹೋಗ್ತಾ ಇದ್ರು." "ಇದು?" "ಮಂಜಪ್ಪ. ಅವರ ಎಮ್ಮೆಗೆ ಹೋದ ವಾರ ಕೆಚ್ಚಲು ಬಾವು." "ಇದು? ಇಲ್ಲಿ ಯಾರೂ ಇಲ್ವಲ್ಲ ಮಾರಾಯ್ರೇ, ಬರೀ ದನ." ಶಶಿಕಿರಣ ಪರದೆಗೆ ಇನ್ನಷ್ಟು ಬಗ್ಗಿ ನೋಡಿದ. "ಗೊತ್ತಿರೋ ದನ," ಎಂದ.

ಅವಳು ನಗಲಿಲ್ಲ. ನಕ್ಕಿದ್ದರೆ ಅವನೂ ಜೊತೆಗೆ ನಕ್ಕು ಬಚಾವಾಗುತ್ತಿದ್ದ. ನೋಟ್‌ಬುಕ್ಕಿನಲ್ಲಿ ಗೀಟೆಳೆದು, "ಇಪ್ಪತ್ಮೂರು," ಎಂದಳು. "ಇಪ್ಪತ್ತು ಕಿಲೋಮೀಟರಿಗೆ ಇಪ್ಪತ್ಮೂರು ಸಲ ತಲೆ ಎತ್ತಿದೀರಿ. ತಲೆ ಎತ್ತಿದ್ರೆ ಎದೆ ಏಳ್ತದೆ, ಎದೆ ಎದ್ರೆ ಗಾಳಿ ಹಿಡೀತದೆ. ಒಂದೊಂದಕ್ಕೆ ಎರಡು ಸೆಕೆಂಡ್ ಅಂತ ಇಟ್ಕೊಳ್ಳಿ. ನಲವತ್ತಾರು ಸೆಕೆಂಡ್ ಬರೀ ಮರ್ಯಾದೆಗೆ ಹೋಯ್ತು." ಸೀಟನ್ನು ಎಂಟು ಮಿಲಿಮೀಟರ್ ಏರಿಸಿ, ಒಂದು ಬೆರಳಿನಷ್ಟು ಮುಂದಕ್ಕೆ ತಳ್ಳಿ, ಹ್ಯಾಂಡಲ್ಲಿನ ಕೆಳಗಿನ ಬಿಲ್ಲೆಗಳನ್ನು ತೆಗೆದು, ಹೊಟ್ಟೆ ತೊಡೆಗೆ ತಾಗದ ಹಾಗೆ ಅವನ ಸೊಂಟವನ್ನು ತಿರುಗಿಸಿ ಕೂರಿಸಲು ಅವಳಿಗೆ ಮೂರು ವಾರ ಹಿಡಿದಿತ್ತು. ಹೊಟ್ಟೆ ವಿಚಾರದಲ್ಲಿ ಅವಳು ಆಡಿದ ಮಾತುಗಳನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಮೇಗುಂದದ ಹುಡುಗಿ, ಅವನಿಗಿಂತ ಹದಿನೈದು ವರ್ಷ ಚಿಕ್ಕವಳು, ಅವನು ದನದ ಹೊಟ್ಟೆಯನ್ನು ಹೇಗೆ ಮುಟ್ಟಿ ನೋಡುತ್ತಾನೋ ಹಾಗೆಯೇ ಅವನ ಹೊಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ, "ಇದನ್ನ ಎಲ್ಲಿಡೋದು ಈಗ?" ಎಂದು ತನ್ನಷ್ಟಕ್ಕೆ ತಾನೇ ಕೇಳಿಕೊಂಡಿದ್ದಳು. ಅಷ್ಟೆಲ್ಲ ಮಾಡಿ ಗಳಿಸಿದ್ದನ್ನು ತಲೆಯೊಂದು ಕಳೆಯುತ್ತಿತ್ತು. "ಕುತ್ತಿಗೆ ನೋವಾ?" ಎಂದು ಕೇಳಿದಳು. ಹೂಂ ಎಂದ. ಅವಳು ಕುತ್ತಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿ, ಒತ್ತಿ, ಕೈ ಒರೆಸಿಕೊಂಡಳು. "ಕುತ್ತಿಗೆ ಚೆನ್ನಾಗೇ ಇದೆ. ಅದರ ಮೇಲೆ ಎಂತೋ ಇದೆ."

ಇತ್ತು. ಆದರೆ ಅದನ್ನು ಹೇಳಿಕೊಳ್ಳುವುದು ಯಾರ ಹತ್ತಿರ? ಸೈಕಲ್ ಸ್ಪರ್ಧೆಗೆ ಇನ್ನು ಹದಿನೆಂಟು ದಿನ. ನರಸಿಂಹರಾಜಪುರದ ಅಂಚಿನಿಂದ ಕೊಪ್ಪದ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗಿ ತಿರುಗಿ ಬರಬೇಕು. ಗುಂಪಿಲ್ಲ, ಪಕ್ಕದಲ್ಲಿ ಯಾರೂ ಇಲ್ಲ. ನಿಮಿಷಕ್ಕೊಬ್ಬನನ್ನು ಬಿಡುತ್ತಾರೆ, ಅವನಿಗೂ ಗಡಿಯಾರಕ್ಕೂ ಜಗಳ. ನಲವತ್ತು ದಾಟಿದವರಲ್ಲಿ ಮೂವತ್ತಾರು ನಿಮಿಷದೊಳಗೆ ಬಂದವರಿಗೆ ಜಿಲ್ಲೆಯ ಬನಿಯನ್ ತೊಟ್ಟು ರಾಜ್ಯಮಟ್ಟಕ್ಕೆ ಹೋಗುವ ಅವಕಾಶ. ಶಶಿಕಿರಣನದು ಮೂವತ್ತಾರು ನಿಮಿಷ ನಲವತ್ತು ಸೆಕೆಂಡು. ನಲವತ್ತೊಂದು ವರ್ಷದಲ್ಲಿ ಅವನು ಯಾವುದರಲ್ಲೂ ಆಯ್ಕೆಯಾದವನಲ್ಲ. ಪಶು ಆಸ್ಪತ್ರೆಯಲ್ಲಿ ಅವನು ಡಾಕ್ಟರಲ್ಲ, ಇನ್ಸ್‌ಪೆಕ್ಟರು. ಸೂಜಿ ಹಾಕುವವನು, ದನದ ಕಿವಿಗೆ ನಂಬರಿನ ಓಲೆ ಹೊಡೆಯುವವನು. ಊರವರು "ಡಾಕ್ಟ್ರೇ" ಎಂದಾಗಲೆಲ್ಲ ತಿದ್ದಬೇಕು ಅಂದುಕೊಳ್ಳುತ್ತಾನೆ. ಹದಿನಾರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದಾನೆ. ಆ ಬನಿಯನ್ ಮಾತ್ರ ಯಾರೂ ತಪ್ಪಿ ಕೊಟ್ಟದ್ದಾಗಿರುವುದಿಲ್ಲ, ಅದನ್ನು ತೊಟ್ಟು ನಿಂತರೆ ತಿದ್ದಬೇಕಾದ್ದು ಏನೂ ಇರುವುದಿಲ್ಲ ಎಂದು ಅವನಿಗೆ ಎಷ್ಟು ಆಸೆಯಿತ್ತೆಂದರೆ, ಅದರ ಬಣ್ಣ ಯಾವುದು ಅಂತ ಫೋನ್ ಮಾಡಿ ವಿಚಾರಿಸಿಕೊಂಡಿದ್ದ. ನೀಲಿ.

ಮಹಡಿಯ ಮೆಟ್ಟಿಲಿಳಿದು, ಚಡ್ಡಿಯ ಮೇಲೆ ಪಂಚೆ ಸುತ್ತಿಕೊಂಡು ಸೈಕಲ್ ತಳ್ಳುತ್ತ ಬಸ್ ಸ್ಟ್ಯಾಂಡ್ ದಾಟುವಾಗ ಒಬ್ಬ ಏಜೆಂಟ್ ವಿಷಲ್ ಊದಿ ಬಸ್ಸೊಂದನ್ನು ಹೊರಡಿಸುತ್ತಿದ್ದ. ಹೊರಟಿತು, ಹೊರಟಿತು, ಒಂದು ನಿಮಿಷ ಲೇಟು. ಮಾವ ಆಗಿದ್ದರೆ ಬಿಡುತ್ತಿರಲಿಲ್ಲ. ಮಾವ, ಅಂದರೆ ಹೆಂಡತಿ ರಶ್ಮಿಯ ಅಪ್ಪ ಕಲ್ಲೇಶಪ್ಪ, ಎನ್.ಆರ್.ಪುರದ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಪ್ರೈವೇಟ್ ಬಸ್ಸುಗಳ ಟೈಮ್ ನೋಡಿದವರು. ಅರ್ಧ ನಿಮಿಷ ಹೆಚ್ಚು ನಿಂತು ಹಿಂದಿನ ಬಸ್ಸಿನ ಗಿರಾಕಿ ಎತ್ತಿಕೊಂಡ ಡ್ರೈವರನ್ನು ಸ್ಟೇರಿಂಗಿನಿಂದ ಕೆಳಗಿಳಿಸಿದವರು. ಮೂರು ತಿಂಗಳ ಹಿಂದೆ, ಬೆಳಿಗ್ಗೆ ಏಳೂವರೆಗೆ, ಊರಾಚೆಯ ಶೆಲ್ಟರಿನಲ್ಲಿ ಆ ಮಾವ ಬಸ್ಸು ಕಾಯುತ್ತ ನಿಂತಿದ್ದರು. ಅಳಿಯ ಬರುವುದು ಕಂಡು ಕೈ ಎತ್ತಿದರು. ಅಳಿಯ ನಿಲ್ಲದೆ ಹೋದ. ಸಂಜೆ ಹೊತ್ತಿಗೆ ಎನ್.ಆರ್.ಪುರದ ಅರ್ಧ ಜನಕ್ಕೆ ವಿಷಯ ಗೊತ್ತಾಗಿತ್ತು. "ನಮ್ಮ ಅಳಿಯಂದ್ರಿಗೆ ಈಗ ನಾವು ಕಾಣಲ್ಲ. ಸ್ಪೀಡ್ ಜಾಸ್ತಿ ಆಗಿದೆ." ಅವತ್ತಿನಿಂದ ಮಾವ ಮಗಳ ಮನೆಗೆ ಬಂದಿಲ್ಲ. ಕ್ಷಮೆ ಕೇಳಲು ಹೋದರೆ ಚಹಾ ಕೊಟ್ಟರು, ಬಿಸ್ಕತ್ತು ಕೊಟ್ಟರು, ಫ್ಯಾನ್ ಹಾಕಿದರು, ಗೋಡೆಯ ಕ್ಯಾಲೆಂಡರಿನ ಜೊತೆ ಮಾತಾಡಿದರು. "ತಲೆ ತಗ್ಗಿಸಿ ಓಡಿಸ್ಬೇಕು ಮಾವ, ನಿಜವಾಗ್ಲೂ ಕಾಣ್ಲಿಲ್ಲ," ಎಂದ ಶಶಿಕಿರಣ. ಮಾವ ಕ್ಯಾಲೆಂಡರಿಗೆ, "ಕಾಣ್ಲಿಲ್ವಂತೆ," ಎಂದರು.

ಕಂಡಿತ್ತು. ಅದೇ ಅವನ ತಲೆಯೊಳಗೆ ಇದ್ದದ್ದು. ಆ ಭಂಗಿಯಲ್ಲಿ ಹುಬ್ಬಿನ ಕೆಳಗಿಂದ ಕಾಣುವುದು ಮೂವತ್ತು ಅಡಿ ರಸ್ತೆ, ರಸ್ತೆಯಂಚಿನಲ್ಲಿ ಜನರ ಮೊಣಕಾಲಿನಿಂದ ಕೆಳಗಿನ ಭಾಗ, ಅಷ್ಟೇ. ಅವನಿಗೆ ಊರೆಲ್ಲ ಕಾಲುಗಳಲ್ಲಿ ಪರಿಚಯವಾಗಿತ್ತು. ಹೊನ್ನಕ್ಕನದು ನೀಲಿ ಹವಾಯಿ ಚಪ್ಪಲಿ, ಮಂಜಪ್ಪನದು ಸೆಗಣಿ ಮೆತ್ತಿದ ಗಮ್‌ಬೂಟು. ಆ ದಿನ ಕಂಡದ್ದು ಇಸ್ತ್ರಿ ಪಂಚೆಯ ಅಂಚು, ಕಂದು ಸ್ಯಾಂಡಲ್ಲು, ಬಲಗಾಲ ಹೆಬ್ಬೆರಳು ಸ್ವಲ್ಪ ಮೇಲಕ್ಕೆ. ಮದುವೆಯ ದಿನ ಆ ಬೆರಳನ್ನು ಮುಟ್ಟಿ ನಮಸ್ಕಾರ ಮಾಡಿದವನಿಗೆ ಗುರುತಾಗದೆ ಉಂಟೇ? ಆದರೆ ಅದೇ ಗಳಿಗೆಯಲ್ಲಿ ಹ್ಯಾಂಡಲ್ಲಿನ ಸ್ಪೀಡ್ ಮೀಟರು ಮೂವತ್ತೆಂಟು ತೋರಿಸುತ್ತಿತ್ತು, ಜೀವಮಾನದಲ್ಲಿ ಮೊದಲ ಸಲ. ಮೂವತ್ತೆಂಟೋ, ಮಾವನೋ? ಯೋಚಿಸಲು ಅರ್ಧ ಸೆಕೆಂಡು ಸಿಕ್ಕಿತ್ತು, ಅಷ್ಟರಲ್ಲಿ ಚೆನ್ನಾಗಿಯೇ ಯೋಚಿಸಿದ. ಆಮೇಲೆ ಮನೆಗೆ ಬಂದು ಮೂವತ್ತೆಂಟರ ಫೋಟೋ ರಶ್ಮಿಗೆ ತೋರಿಸಿದ. ಅಪ್ಪನ ಫೋನು ಅದಕ್ಕೂ ಮೊದಲೇ ಬಂದಿತ್ತು. ಆವತ್ತಿನಿಂದ ರಸ್ತೆಯಲ್ಲಿ ಯಾವ ಕಾಲು ಕಂಡರೂ ಅವನ ಕುತ್ತಿಗೆ ತಾನಾಗಿಯೇ ಏಳುತ್ತದೆ. ಕಾಲು ನಾಲ್ಕಿದ್ದರೂ ಏಳುತ್ತದೆ.

"ಯಾರಿಗೂ ನಿಮ್ಮ ಪರಿಚಯ ಇಲ್ಲದ ಕಡೆ ಒಂದ್ಸಲ ಓಡಿಸಿ ನೋಡಿ," ಎಂದಿದ್ದಳು ಅಮೂಲ್ಯಾ. ಭಾನುವಾರ ಸೈಕಲ್ಲನ್ನು ಪರಿಚಯದವರ ಪಿಕಪ್ಪಿಗೆ ಹೇರಿಕೊಂಡು ಶೃಂಗೇರಿ ದಾಟಿ ಅಡ್ಡಗದ್ದೆ ಕಡೆ ಹೋದ. ಅಲ್ಲಿ ಅವನು ಮುಟ್ಟಿದ ದನ ಒಂದೂ ಇರಲಿಲ್ಲ. ಮೊದಲ ಎರಡು ಕಿಲೋಮೀಟರ್ ಕುತ್ತಿಗೆ ಅಭ್ಯಾಸಬಲದಿಂದ ತುಡಿಯಿತು. ಆಮೇಲೆ ಒಂದು ಜೊತೆ ಕಾಲು ಬಂತು, ಯಾರೋ ವಯಸ್ಸಾದವರದು, ಊರುಗೋಲಿನ ಜೊತೆ. ಅವನು ತಲೆ ಎತ್ತಲಿಲ್ಲ. ಏನೂ ಆಗಲಿಲ್ಲ. ಪೊಲೀಸರ ಬೂಟು ಬಂತು, ಎತ್ತಲಿಲ್ಲ. ಮಡಿಪಂಚೆಯ ಕಾಲುಗಳು ನಾಲ್ಕು ಜೊತೆ ಒಟ್ಟಿಗೇ ಬಂದವು, ಎತ್ತಲಿಲ್ಲ. ಅವನಿಗೆ ಖುಷಿಯಾಗತೊಡಗಿತು. ಸ್ಕೂಲಲ್ಲಿ ಹೆಡ್ಮಾಸ್ಟರ ಕುರ್ಚಿಯ ಮೇಲೆ ಯಾರೂ ಇಲ್ಲದಾಗ ಕೂತು ಎದ್ದು ಬಂದಾಗ ಆಗಿತ್ತಲ್ಲ, ಅದೇ ಖುಷಿ. ಒಬ್ಬರು, "ಎಂತ ಮಾರಾಯ, ಬೆಂಕಿ ಬಿದ್ದಿದೆಯಾ?" ಎಂದು ಕೂಗಿದ್ದು ಕಿವಿಗೆ ಬಿತ್ತು. ಅವರಿಗೂ ಎತ್ತಲಿಲ್ಲ. ಯಾವ ಊರಿನ ಯಾರ ಮಾವನೋ, ನನ್ನ ಮಾವನಲ್ಲವಲ್ಲ! ಇಪ್ಪತ್ತು ಕಿಲೋಮೀಟರ್ ಮುಗಿದಾಗ ಮೂವತ್ತೈದು ನಿಮಿಷ ಐವತ್ತೊಂದು ಸೆಕೆಂಡು. ರಸ್ತೆಯಂಚಿನಲ್ಲಿ ಕೂತು ನೀರು ಕುಡಿದ. ಖುಷಿ ಎರಡು ಗುಟುಕಿನ ತನಕ ಇತ್ತು. ಮೂರನೆಯ ಗುಟುಕಿಗೆ ಆ ಊರುಗೋಲಿನವರು ನೆನಪಾದರು. ಅವರೂ ಕೈ ಎತ್ತಿದ್ದರೇ? ಗೊತ್ತಿಲ್ಲದವನಿಗೆ ಯಾಕೆ ಎತ್ತುತ್ತಾರೆ? ಎತ್ತಿದ್ದರೆ? ಸೈಕಲ್ ಹತ್ತಿ, ಏಳು ಕಿಲೋಮೀಟರ್ ವಾಪಸ್ ಹೋಗಿ, ಅವರು ಅಲ್ಲಿ ಕಾಣದೆ, ಅಂಗಡಿಯಲ್ಲಿ ಒಂದು ಸೋಡಾ ಕುಡಿದು ಬಂದ.

ಸೋಡಾದ ವಿಷಯವನ್ನೂ, ಏಳು ಕಿಲೋಮೀಟರಿನ ವಿಷಯವನ್ನೂ, ಕೊನೆಗೆ ಕಂದು ಸ್ಯಾಂಡಲ್ಲಿನ ವಿಷಯವನ್ನೂ ಅವನು ಅಮೂಲ್ಯಾಗೆ ಹೇಳಿಬಿಟ್ಟ. ಹೇಳಬೇಕೆಂದಿರಲಿಲ್ಲ. ಅವಳು ಅವನ ಬೆನ್ನಿನ ಮೇಲೆ ಅಳತೆ ಟೇಪು ಹಿಡಿದು ಸುಮ್ಮನೆ ನಿಂತಿದ್ದಳು, ಅಷ್ಟಕ್ಕೇ ಅವನು ಬಾಯಿ ಬಿಟ್ಟ. ಅವಳು ಪೂರ್ತಿ ಕೇಳಿ, "ನನಗೆ ಮಾವಂದಿರನ್ನ ಸರಿ ಮಾಡಕ್ಕೆ ಬರಲ್ಲ. ಹ್ಯಾಂಡಲ್ ಬೇಕಾದ್ರೆ ಸರಿ ಮಾಡ್ತೀನಿ," ಎಂದಳು. ಮೆತ್ತೆಗಳ ಕೆಳಗೆ ಬೆಣೆಗಳನ್ನಿಟ್ಟು, ಕೈಯಲ್ಲಿ ಹಿಡಿಯುವ ಮುಂದಿನ ಎರಡು ಕೋಲುಗಳನ್ನು ಮೇಲಕ್ಕೆ ಓರೆ ಮಾಡಿದಳು. ಈಗ ಮುಂಗೈಗಳು ನೆಲಕ್ಕೆ ಸಮನಾಗಿ ಚಾಚಿಕೊಳ್ಳುವ ಬದಲು ಮುಖದ ಮುಂದೆ ಎದ್ದು ನಿಂತವು. ಗಾಳಿ ಮೊದಲು ಕೈಗೆ ತಾಗಿ ಸೀಳಿ ಹೋಗುತ್ತದೆ, ತಲೆ ಕೈಗಳ ಹಿಂದೆ ಅಡಗುತ್ತದೆ ಎಂದಳು. ಎರಡು ಕೋಲುಗಳನ್ನು ಹತ್ತಿರಕ್ಕೆ ತಂದಳು. ಅಂಗೈಗಳು ಒಂದಕ್ಕೊಂದು ಅಂಟಿದವು. ಶಶಿಕಿರಣ ಎದುರಿನ ಕನ್ನಡಿ ನೋಡಿದ. ಬಗ್ಗಿದ ತಲೆ, ಮೂಗಿನ ಮುಂದೆ ಜೋಡಿಸಿದ ಎರಡು ಕೈ. "ಇದು..." ಎಂದ. "ಹೌದು," ಎಂದಳು ಅಮೂಲ್ಯಾ, ಆವತ್ತು ಮೊದಲ ಸಲ ನಕ್ಕು. "ಹೊರಡೋವಾಗ ಒಂದ್ಸಲ ಮುಗಿದ್ರೆ ಸಾಕು. ಇಪ್ಪತ್ತು ಕಿಲೋಮೀಟರಿಗೂ ಆಯ್ತು."

ಮರುದಿನದಿಂದ ಕೊಪ್ಪ ಎನ್.ಆರ್.ಪುರ ರಸ್ತೆಯಲ್ಲಿ ಡಾಕ್ಟ್ರ ಹೆಸರೇ ಹೆಸರು. ಅಷ್ಟು ಜೋರಲ್ಲಿ ಹೋಗುವಾಗಲೂ ಕೈ ಮುಗಿದುಕೊಂಡೇ ಹೋಗ್ತಾರೆ ಮಾರಾಯ, ಎಂಥಾ ವಿನಯ! ಹೊನ್ನಕ್ಕ ಹಾಲಿನ ಕ್ಯಾನ್ ಕೆಳಗಿಟ್ಟು ವಾಪಸ್ ಕೈ ಮುಗಿಯತೊಡಗಿದರು. ಪಂಚಾಯ್ತಿಯಲ್ಲಿ ಒಂದಿಬ್ಬರು, ಡಾಕ್ಟ್ರು ಮುಂದಿನ ಎಲೆಕ್ಷನ್ನಿಗೆ ನಿಲ್ಲುತ್ತಾರಂತೆ, ಹೌದಾ ಎಂದು ರಶ್ಮಿಯನ್ನೇ ಕೇಳಿದರು. ಶಶಿಕಿರಣನ ಕುತ್ತಿಗೆ ತಣ್ಣಗಾಯಿತು. ಕಾಲುಗಳು ಬರುತ್ತಿದ್ದವು, ಹೋಗುತ್ತಿದ್ದವು, ಎಲ್ಲರ ಲೆಕ್ಕ ಕೈಯೇ ನೋಡಿಕೊಳ್ಳುತ್ತಿತ್ತು. ಹೊಸ ವಿಡಿಯೊದಲ್ಲಿ ಅಮೂಲ್ಯಾ ನಾಲ್ಕು ಗೀಟು ಎಳೆದಳು, ಮೂರು ರಸ್ತೆಯ ಗುಂಡಿಗೆ, ಒಂದು ನಾಯಿಗೆ. ಮೂವತ್ತೈದು ಐವತ್ನಾಲ್ಕು. ಆದರೂ ಒಳಗೆ ಒಂದು ಕಳ್ಳತನದ ಅನುಮಾನ ಇದ್ದೇ ಇತ್ತು. ಮೊದಲು ಡಾಕ್ಟರಲ್ಲದೆ ಡಾಕ್ಟರಾಗಿದ್ದೆ, ಈಗ ನಮಸ್ಕಾರ ಮಾಡದೆ ನಮಸ್ಕಾರ ಮಾಡುತ್ತಿದ್ದೇನೆ. ಜನ ಕೊಟ್ಟದ್ದನ್ನೆಲ್ಲ ಜೇಬಿಗೆ ಹಾಕಿಕೊಂಡು ಹೋಗುವ ಮನುಷ್ಯ ನಾನು ಎಂದು ಒಮ್ಮೊಮ್ಮೆ ನಾಚಿಕೆಯಾಗಿ ಒಂದೆರಡು ಕಿಲೋಮೀಟರ್ ಇನ್ನೂ ಜೋರಾಗಿ ತುಳಿಯುತ್ತಿದ್ದ. ನಾಚಿಕೆಯಿಂದ ಟೈಮ್ ಇನ್ನೂ ಚೆನ್ನಾಗಿ ಬರುತ್ತಿತ್ತು.

ಮಾವನಿಗೂ ಸುದ್ದಿ ಮುಟ್ಟಿತು. ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ರಶ್ಮಿ ಫೋನನ್ನು ಸ್ಪೀಕರಿಗೆ ಹಾಕಿ ಅಡಿಗೆ ಕಟ್ಟೆಯ ಮೇಲಿಟ್ಟು ಅಕ್ಕಿ ಆರಿಸುತ್ತಿದ್ದಳು. "ನಿನ್ನ ಗಂಡ ಲೈಟ್ ಕಂಬಕ್ಕೂ ಕೈ ಮುಗಿದು ಹೋಗ್ತಾನಂತೆ," ಎಂದಿತು ಫೋನು. "ಆ ಸಾಲಲ್ಲಿ ನಾನೂ ಒಂದು ಕಂಬ ಅಂತ ನಿಂತ್ಕೊಬೇಕಾ?" "ಅಪ್ಪಾ, ನಾಳೆ ಅವರಿಗೆ ಎಷ್ಟು ಮುಖ್ಯ ಅಂತ ನಿನಗೆ ಗೊತ್ತಿಲ್ಲ. ಮೂವತ್ತಾರು ನಿಮಿಷದೊಳಗೆ ಬರಬೇಕು." "ಎಷ್ಟಕ್ಕೆ ಬಿಡ್ತಾರೆ?" "ಏಳು ಹನ್ನೆರಡಕ್ಕಂತೆ." "ಏಳು ಹನ್ನೆರಡು," ಎಂದು ಫೋನು ಗುನುಗಿತು. "ಬರ್ತೀನಿ. ಶೆಲ್ಟರ್ ಹತ್ರ ನಿಂತಿರ್ತೀನಿ," ಎಂದು ಇಟ್ಟುಬಿಟ್ಟರು. ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡ ಶಶಿಕಿರಣ ಒಳಗೆ ಬಂದ. "ಎಂತಕ್ಕೆ ಬರ್ತಾರೆ?" ಎಂದ. "ನೋಡಕ್ಕೆ," ಎಂದಳು ರಶ್ಮಿ. "ನನ್ನನ್ನಾ, ನಾನು ನೋಡ್ತೀನಾ ಅಂತನಾ?" ರಶ್ಮಿ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಎಸೆದಳು. "ನಿಮ್ಮಿಬ್ಬರ ಮಧ್ಯೆ ನನಗಂತೂ ಸಾಕಾಗಿ ಹೋಗಿದೆ. ಎತ್ತೋದಾದ್ರೆ ಎತ್ತಿ, ಬಿಡೋದಾದ್ರೆ ಬಿಡಿ, ಆಮೇಲೆ ಬಂದು ನನ್ನ ಹತ್ರ ಅಳಬೇಡಿ."

ಏಳು ಹನ್ನೆರಡಕ್ಕೆ ಬಿಟ್ಟರು. ಶೆಲ್ಟರು ಬರುವುದು ಶುರುವಿನಿಂದ ಮೂರನೆಯ ಕಿಲೋಮೀಟರಿಗೆ, ವಾಪಸಾಗುವಾಗ ಮುಗಿಯಲು ಮೂರು ಉಳಿದಾಗ. ಹೋಗುವಾಗ ಅದು ಬಲಗಡೆಗಿತ್ತು, ರಸ್ತೆಯಾಚೆ. ನಡುವೆ ಒಂದು ಲಾರಿ ಬಂದು ಪುಣ್ಯಕ್ಕೆ ಎಲ್ಲ ಮುಚ್ಚಿಹೋಯಿತು. ಶಶಿಕಿರಣ ಲಾರಿಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದ. ಕೈ ಹೇಗೂ ಮುಗಿದೇ ಇತ್ತು. ತಿರುವಿನಲ್ಲಿ ಜೀಪಿನ ಪಕ್ಕ ನಿಂತಿದ್ದ ಅಮೂಲ್ಯಾ, "ಹದಿನೇಳು ಐವತ್ತೆಂಟು! ಹಿಂಗೇ ಬನ್ನಿ, ಹಿಂಗೇ!" ಎಂದು ಕೂಗಿದಳು. ಹಿಂಗೇ ಹೋದರೆ ನಾಲ್ಕು ಸೆಕೆಂಡು ಕೈಯಲ್ಲಿರುತ್ತದೆ. ನಾಲ್ಕು ಸೆಕೆಂಡಿಗೆ ಎಷ್ಟು ತಲೆ? ಎರಡು. ಎರಡು ಯಾಕೆ, ಒಂದು ಸಾಕಲ್ಲ. ಒಂದೂ ಯಾಕೆ? ಮೊನ್ನೆಯಿಂದ ಇಷ್ಟು ಜನಕ್ಕೆ ಸಲ್ಲುತ್ತಿರುವ ನಮಸ್ಕಾರ ಮಾವನಿಗೆ ಮಾತ್ರ ಯಾಕೆ ಸಲ್ಲಬಾರದು? ಅವರೇನು ಮೇಲಿಂದ ಇಳಿದವರೇ? ಬೇಕೆಂದೇ ಬಂದು ನಿಲ್ಲುತ್ತಿದ್ದಾರೆ. ಇಡೀ ರಸ್ತೆಯಲ್ಲಿ ಬೇರೆ ಜಾಗ ಇರಲಿಲ್ಲವೇ? ಸಿಟ್ಟು ಬಂದು ತುಳಿದ. ತೊಡೆ ಉರಿಯುತ್ತಿತ್ತು. ಈ ಸಲ ಮಾವ ಕೈ ಎತ್ತಿ, ಈ ಸಲವೂ ನಾನು ಹಾಗೇ ಹೋದರೆ, ಅವರು ಯಾರಿಗೂ ಹೇಳುವುದಿಲ್ಲ. ಅದು ಅವನಿಗೆ ಇದ್ದಕ್ಕಿದ್ದಂತೆ ಗೊತ್ತಾಯಿತು. ಹೋದ ಸಲ ಊರಿಗೆಲ್ಲ ಹೇಳಿದ್ದು ಸಿಟ್ಟಿಗೆ. ಈ ಸಲ ಸುಮ್ಮನೆ ಕೈ ಇಳಿಸಿ, ಪಂಚೆ ಸರಿ ಮಾಡಿಕೊಂಡು ಮನೆಗೆ ಹೋಗುತ್ತಾರೆ. ಎತ್ತಿದ ಕೈಯನ್ನು ಅವರು ಇಳಿಸುವುದು ಅವನ ಕಣ್ಣಿಗೆ ಕಟ್ಟಿತು. ಎಡಗಡೆ ಇಸ್ತ್ರಿ ಪಂಚೆಯ ಅಂಚು ಬಂತು, ಕಂದು ಸ್ಯಾಂಡಲ್ಲು ಬಂತು. ಮೀಟರಿನಲ್ಲಿ ಮೂವತ್ತೇಳು. ಶಶಿಕಿರಣ ತಲೆ ಎತ್ತಿದ. ತಲೆಯಷ್ಟೇ ಅಲ್ಲ, ಎದೆ ಎತ್ತಿದ, ಕೈ ಬಿಡಿಸಿದ, ತುಳಿಯುವುದನ್ನೇ ಮರೆತು, "ಮಾವಾ!" ಎಂದ.

ಮಾವ ಅವನನ್ನು ನೋಡುತ್ತಲೇ ಇರಲಿಲ್ಲ. ಅಂಗೈಯಲ್ಲಿ ಫೋನು ಹಿಡಿದು, ಕನ್ನಡಕ ಹಣೆಗೇರಿಸಿ, ಅದರಲ್ಲಿ ಓಡುತ್ತಿದ್ದ ಸೆಕೆಂಡಿನ ಅಂಕಿಗಳೊಳಗೆ ಮುಖವಿಟ್ಟು ನಿಂತಿದ್ದರು. ಕೂಗಿಗೆ ಬೆಚ್ಚಿ ನೋಡಿದವರು, ಸೀಟಿನ ಮೇಲೆ ನೆಟ್ಟಗೆ ಎದ್ದು ಕೂತು ನಗುತ್ತಿದ್ದ ಅಳಿಯನನ್ನು ಕಂಡು, ಮೂವತ್ತು ವರ್ಷ ಬಸ್ ಸ್ಟ್ಯಾಂಡನ್ನು ಆಳಿದ ಗಂಟಲಿನಲ್ಲಿ, "ತಲೆ ತಗ್ಸೋ ಕತ್ತೇ!" ಎಂದು ಅರಚಿದರು.

ಮೂವತ್ತಾರು ನಿಮಿಷ ಒಂದು ಸೆಕೆಂಡು. ಗಡಿಯಾರದವನು ಎರಡು ಸಲ ಓದಿ ಹೇಳಿದ. ಜೀಪಿನಲ್ಲಿ ಹಿಂದೆಯೇ ಬಂದಿದ್ದ ಅಮೂಲ್ಯಾ ನೋಟ್‌ಬುಕ್ ಮುಚ್ಚಿ, "ಯಾರು ಅದು?" ಎಂದಷ್ಟೇ ಕೇಳಿದಳು. ಅವನು ಸೈಕಲ್ ಒರಗಿಸಿದ. ರಸ್ತೆಯಂಚಿನ ಮೋರಿಕಟ್ಟೆಯ ಮೇಲೆ ಕೂತ. ರಶ್ಮಿ ಪಕ್ಕದಲ್ಲಿ ಕೂತು ನೀರಿನ ಬಾಟಲಿ ಕೈಗಿಟ್ಟಳು. ಒಂದು ಸೆಕೆಂಡು! ದುಃಖ ಬಂತು, ಮಾವನ ಮೇಲೆ ಎಂಥಾ ಸಿಟ್ಟು ಬಂತೆಂದರೆ ಅಡ್ಡಗದ್ದೆಯ ಊರುಗೋಲಿನವರಿಂದ ಹಿಡಿದು ಜಗತ್ತಿನ ಮುದುಕರೆಲ್ಲರ ಮೇಲೂ ಬಂತು. ನೀಲಿ ಬನಿಯನ್ ಕಣ್ಣೆದುರಿಂದ ಹೋಗಲೇ ಇಲ್ಲ. ಅಷ್ಟರಲ್ಲಿ ಯಾರದೋ ಸ್ಕೂಟರಿನ ಹಿಂದಿನಿಂದ ಮಾವ ಇಳಿದರು. ಫೋನು ಇನ್ನೂ ಅಂಗೈಯಲ್ಲೇ ಇತ್ತು. ನಡೆದು ಬಂದದ್ದಲ್ಲ, ಹೆಚ್ಚುಕಮ್ಮಿ ಓಡಿಬಂದದ್ದು. "ಮೂವತ್ತೈದು ಐವತ್ತಾರಕ್ಕೆ ಬರೋ ಗಾಡಿ!" ಎಂದರು, ಯಾರಿಗೂ ಅಲ್ಲ, ಎಲ್ಲರಿಗೂ. "ನಾನು ಅಲ್ಲೇ ಲೆಕ್ಕ ಹಾಕಿದ್ದೆ. ಐವತ್ತಾರಕ್ಕೆ ಬರೋ ಗಾಡಿ. ಎಂತಕ್ಕೋ ತಲೆ ಎತ್ತಿದ್ದು? ನಾನೇನು ಓಡಿ ಹೋಗ್ತಿದ್ನಾ?"

"ನಿಮ್ಮನ್ನ ನೋಡಕ್ಕೆ, ಮಾವ." ಶಶಿಕಿರಣ ಬಾಟಲಿ ಕೆಳಗಿಟ್ಟ. ಹೇಳಿದ ಮೇಲೆ ಪೂರ್ತಿ ಹೇಳಿಬಿಡೋಣ ಎನ್ನಿಸಿತು. "ಅವತ್ತೂ ಕಂಡಿದ್ರಿ. ಸುಳ್ಳು ಹೇಳಿದೆ."

"ನಂಗೊತ್ತಿಲ್ವಾ?" ಎಂದರು ಕಲ್ಲೇಶಪ್ಪ. "ಕೈ ತೋರ್ಸಿದ್ದು ಕಂಡೂ ನಿಲ್ಲಿಸದೆ ಹೋಗೋ ಡ್ರೈವರ್‌ಗಳನ್ನ ಎಷ್ಟು ನೋಡಿದೀನಿ. ಕಾಣದೆ ಹೋಗೋನು ಸೀದಾ ಹೋಗ್ತಾನೆ. ಕಂಡೋನು ಒಂದು ಗೇಣು ರಸ್ತೆ ಮಧ್ಯಕ್ಕೆ ಸರೀತಾನೆ. ನೀನು ಸರಿದಿದ್ದಿ." ಸ್ವಲ್ಪ ಉಸಿರು ತಗೊಂಡರು. "ಅವತ್ತು ಎತ್ತಬೇಕಿತ್ತು. ಇವತ್ತು ಎತ್ತಬಾರದಿತ್ತು. ಎರಡನ್ನೂ ಉಲ್ಟಾ ಮಾಡಿದೆಯಲ್ಲೋ ಮಾರಾಯ!" ಅವರ ಕಣ್ಣು ಒದ್ದೆಯಾಗಿತ್ತು. ಅದನ್ನು ಮುಚ್ಚಲು ಹಣೆಯ ಕನ್ನಡಕವನ್ನು ಕೆಳಗಿಳಿಸಿ ಮಗಳ ಕಡೆ ತಿರುಗಿದರು. "ಇವನ ಹತ್ರ ನಾನು ಮಾತಾಡಲ್ಲ ಅಂತ ಹೇಳು ರಶ್ಮಿ."

"ಇಷ್ಟೊತ್ತು ಆಡಿದ್ಯಲ್ಲ ಅಪ್ಪ."

"ಇನ್ನು ಆಡಲ್ಲ. ಮುಂದಿನ ವರ್ಷ ನಾನು ರಸ್ತೇಲಿ ನಿಲ್ಲೋದೇ ಇಲ್ಲ, ಅದನ್ನೂ ಹೇಳು. ನಿಮ್ಮ ಮನೇಲಿ ಕೂತಿರ್ತೀನಿ. ಮುಗಿಸ್ಕೊಂಡು ಬಂದು ಎಷ್ಟು ಹೊತ್ತು ಬೇಕಾದ್ರೂ ನೋಡ್ಲಿ."